ಬಾಯಿಲ್ಲದ ಆರು ಚೀಟಿಗಳು

ಗಂಗಾವತಿ
೧೪ ನವೆಂಬರ್ ೧೯೮೯, ಮಂಗಳವಾರ

ಪ್ರೀತಿಯ ಫಕೀರಮ್ಮನಿಗೆ,

ನಿನ್ನ ಪತ್ರ ಶನಿವಾರ ತಲುಪಿತು. ಕುಷ್ಟಗಿಯಲ್ಲಿ ನೀನಿರುವ ಮನೆ ಬಿಡಬೇಕಾಗಿದೆ, ಹಜರತಬೀ ಅವರ ಮನೆಯಲ್ಲಿ ಒಂದು ಕೋಣೆಯೂ ಸಿಗುತ್ತದೆ, ಎರಡು ಬೇಕೆಂದರೆ ಎರಡೂ ಸಿಗುತ್ತವೆ, ಶುಕ್ರವಾರದೊಳಗೆ ಅವರಿಗೆ ತಿಳಿಸಬೇಕು ಎಂದು ಬರೆದಿದ್ದೀ. ಒಂದು ಸಾಕೋ, ಎರಡು ಬೇಕೋ ಎಂದು ನನ್ನನ್ನು ಕೇಳಿದ್ದೀ. ಉತ್ತರವನ್ನು ಮೊದಲ ಸಾಲಿನಲ್ಲಿಯೇ ಬರೆಯಬೇಕಿತ್ತು. ಅದು ನನ್ನಿಂದಾಗದೆಂದು ನೀನು ಬಲ್ಲೆ. ಕಚೇರಿಯ ಒಂದು ಸಂಗತಿಯಿಂದ ಆರಂಭಿಸುತ್ತೇನೆ.

ಕಾಲುವೆ ನೀರಿನ ಲೆಕ್ಕಕ್ಕೆಂದು ನಮ್ಮಲ್ಲಿಗೆ ಒಂದು ಕಂಪ್ಯೂಟರ್ ಬಂದಿದೆ. ಅದಕ್ಕೆ ಆಜ್ಞೆ ಬರೆಯುವ ಹೊಸ ಭಾಷೆಯೊಂದನ್ನು ತರಬೇತಿಯಲ್ಲಿ ಕಲಿಸಿದರು. ಕೈ ಕುದುರಲೆಂದೂ, ಜನವರಿಯ ಸ್ನೇಹಕೂಟಕ್ಕೆ ಆಗುತ್ತದೆಂದೂ ಅದರಲ್ಲಿ ಹೌಸಿ ಆಟವನ್ನು ಬರೆಯತೊಡಗಿದೆ. ಕೂಗಿದ ಅಂಕಿಗಳಿಗೆ ಚೀಟಿಯಲ್ಲಿ ಗುರುತು ಹಾಕುತ್ತ ಹೋಗಿ, ಯಾರ ಚೀಟಿ ಮೊದಲು ತುಂಬಿತೋ ಅವರು ಗೆಲ್ಲುವ ಆಟ; ಮುನಿರಾಬಾದಿನ ಕ್ಲಬ್ಬಿನಲ್ಲಿ ನೀನು ಅಂಕಿ ಕೂಗುತ್ತಿದ್ದ ಅದೇ ಆಟ.

ಹಳೆಯ ಭಾಷೆಗಳಲ್ಲಿ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದು ಮುಗಿಸುತ್ತಿದ್ದರಂತೆ. ಈಗಿನ ಕ್ರಮ ಬೇರೆ. ಆಟದಲ್ಲಿ ಯಾರು ಯಾರಿದ್ದಾರೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಪ್ರತಿಯೊಬ್ಬರಿಗೂ ಇಟ್ಟಂಗಿಯ ಅಚ್ಚಿನಂತಹ ಒಂದು ಅಚ್ಚು ಮಾಡಬೇಕು. ಅದಕ್ಕೆ ಕ್ಲಾಸ್ ಎನ್ನುತ್ತಾರೆ. ನಾನು ಕೂಗುವವಳಿಗೊಂದು, ಚೀಟಿಗೊಂದು, ಆಟ ನಡೆಸುವವನಿಗೊಂದು ಮಾಡಿದೆ. ಚೀಟಿಯ ಒಂದೇ ಅಚ್ಚಿನಿಂದ ಆರು ಚೀಟಿಗಳನ್ನು ತೆಗೆದೆ. ಪ್ರತಿಯೊಂದಕ್ಕೂ ತನ್ನದೇ ಹದಿನೈದು ಅಂಕಿ. ಒಳಗಿರುವುದಕ್ಕೆ ಹೊರಗಿನವರು ಕೈ ಹಾಕುವಂತಿಲ್ಲ. ಕೇಳಬೇಕು, ಚೀಟಿ ತಾನಾಗಿ ಹೇಳಬೇಕು. ಈ ನಿಯಮ ನನಗೆ ಬಹಳ ಹಿಡಿಸಿತು.

ನಿನ್ನೆ ಮೊದಲ ಸಲ ಓಡಿಸಿದೆ. ತೊಂಬತ್ತೂ ಅಂಕಿಗಳನ್ನು ಕೂಗಿ ಯಂತ್ರ ಸುಮ್ಮನಾಯಿತು. ಯಾರೂ ಗೆದ್ದಿರಲಿಲ್ಲ. ಚೀಟಿಗಳನ್ನು ಕಾಗದದ ಮೇಲೆ ತೆಗೆದು ನೋಡಿದರೆ ಆರರಲ್ಲಿಯೂ ಎಲ್ಲ ಅಂಕಿಗಳಿಗೆ ಗುರುತು ಬಿದ್ದಿತ್ತು. ತಪ್ಪು ಹುಡುಕುತ್ತ ಮಧ್ಯಾಹ್ನವೆಲ್ಲ ಕುಳಿತೆ. ನಮ್ಮ ಹಳೆಯ ಜವಾನ ಹುಸೇನಪ್ಪ ಚಹಾ ಇಟ್ಟು, ಕಾಗದದ ಮೇಲೆ ಬಗ್ಗಿ ನೋಡಿ ಹೇಳಿದ:

“ಸಾಹೇಬ್ರ, ಚೀಟಿ ಎಲ್ಲಾ ತುಂಬ್ಯಾವಲ್ರಿ. ಬಾಯಿ ಒಂದಕ್ಕೂ ಇಟ್ಟಿಲ್ಲ ನೀವು.”

ತಪ್ಪು ಅದೇ ಆಗಿತ್ತು. ಕೇಳಿಸಿಕೊಂಡು ಗುರುತು ಹಾಕಿಕೊಳ್ಳುವುದನ್ನು ಚೀಟಿಗೆ ಕಲಿಸಿದ್ದೆ. ತುಂಬಿದೆ ಎಂದು ಹೇಳುವುದನ್ನು ಕಲಿಸಿರಲಿಲ್ಲ.

೧೯೭೪ರ ಆ ಸಂಜೆ ಕ್ಲಬ್ಬಿನಲ್ಲಿ ನೀನು “ಕಾಲುವಿ ಎರಡೂ ದಂಡಿ, ಹನ್ನೊಂದು” ಎಂದು ಕೂಗಿದಾಗ ನನ್ನ ಚೀಟಿ ತುಂಬಿತು. ಹೆಂಡತಿ ಕೂಗಿದಳು, ಗಂಡ ಗೆದ್ದ ಎಂದು ಜನ ಆಡಿಕೊಂಡಾರೆಂದು ನಾನು ಬಾಯಿ ಬಿಡಲಿಲ್ಲ. ನೀನು ಮುಂದಿನ ಅಂಕಿ ಕೂಗಿದೆ. ಮುಂದಿನ ಅಂಕಿ ಬಂದ ಮೇಲೆ ತುಂಬಿದ ಚೀಟಿಗೂ ಬೆಲೆಯಿಲ್ಲ; ಅದು ಆಟದ ಕಟ್ಟಳೆ. ಮರುದಿನ ಅಂಗಿ ಒಗೆಯುವಾಗ ಆ ಚೀಟಿ ನಿನ್ನ ಕೈಗೆ ಸಿಕ್ಕಿತು. “ತುಂಬಿದ ಚೀಟಿ ಕಿಸೇದಾಗ ಇಟ್ಕೊಂಡು ಕುಂತ್ರ ಕೂಗಾಕಿಗೆ ಹೆಂಗ ತಿಳೀಬೇಕ್ರಿ?” ಎಂದು ನೀನು ನಕ್ಕೆ.

ಎಂಟು ವರ್ಷಗಳ ನಂತರ, ಕುಷ್ಟಗಿ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಆದೇಶ ಬಂದಾಗ, “ನಾ ಹೋಗ್ಲೇನ್ರಿ?” ಎಂದು ನೀನು ಕೇಳಿದೆ. ಆದೇಶ ಬಂದ ಮೇಲೆ ಹೋಗಲೇಬೇಕಲ್ಲ ಎಂದೆ. ಆಗ ನೀನು ನಗಲಿಲ್ಲ. ನಾನೂ ಬರುತ್ತೇನೆ ಎಂಬ ಮಾತು ನಾಲಗೆಯ ಮೇಲಿತ್ತು. ನೀನು ಬಸ್ ಹತ್ತುವಾಗಲೂ ಇತ್ತು. ಮೊದಲು ಹಬ್ಬಕ್ಕೆ ನೀನು ಬರುತ್ತಿದ್ದೆ. ಆಮೇಲೆ ಪತ್ರಗಳಷ್ಟೇ ಬಂದವು. ಆಮೇಲೆ ಅವೂ ಅಪರೂಪವಾದವು. ಎರಡು ತಾಸಿನ ದಾರಿಗೆ ಏಳು ವರ್ಷ ಹಿಡಿಯಿತು.

ಇಂದು ಬೆಳಿಗ್ಗೆ ಚೀಟಿಯ ಅಚ್ಚಿಗೆ ಮೂರು ಸಾಲು ಸೇರಿಸಿದೆ. ಎಪ್ಪತ್ತೆಂಟನೆಯ ಅಂಕಿ ತೆಗೆದಾಗ ನಾಲ್ಕನೆಯ ಚೀಟಿ ಕೂಗಿತು. ಹುಸೇನಪ್ಪ ಚಪ್ಪಾಳೆ ತಟ್ಟಿದ.

ಎರಡೂ ಕೋಣೆಗಳನ್ನು ಹಿಡಿ. ಕುಷ್ಟಗಿಯ ಕೆರೆಗಳ ಉಪವಿಭಾಗಕ್ಕೆ ವರ್ಗಾವಣೆ ಕೇಳಿ ಕೊಪ್ಪಳದ ಕಚೇರಿಗೆ ಅರ್ಜಿ ಕಳಿಸಿದ್ದೇನೆ. ಅದು ಆಗುವವರೆಗೆ ಪ್ರತಿ ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ನೀನು ಬೇಡವೆಂದರೆ ಅದನ್ನೂ ಕೇಳಿಸಿಕೊಳ್ಳುತ್ತೇನೆ; ಆದರೆ ಈ ಸಲ ನಾನು ಹೇಳಿಯಾಗಿದೆ. ಅಂಚೆಯಲ್ಲಿ ತಡವಾದೀತೆಂದು ಈ ಪತ್ರವನ್ನು ನಾಳೆಯ ಮೊದಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ.

ಇಂತಿ ನಿನ್ನವನೇ ಆದ,
ಬಾಲಪ್ಪ

ತಾ.ಕ.: ಸ್ನೇಹಕೂಟದ ಮಾತು ನಿಜವಲ್ಲ; ಇಲ್ಲಿ ಅಂಥದ್ದೇನೂ ಇಲ್ಲ. ಕೂಗುವವಳೊಳಗೆ ನಿನ್ನ ಮಾತುಗಳನ್ನೇ ತುಂಬಿದ್ದೇನೆ. ಯಂತ್ರಕ್ಕೆ ಕನ್ನಡ ಅಕ್ಷರ ಬಾರದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ: ಎರಡು ಕುಡಗೋಲು ಎಪ್ಪತ್ತೇಳು, ಸಾಹೇಬ್ರ ಚಾಳೀಸು ನಲವತ್ತು, ಹೀಗೆ ಎಂಬತ್ತೊಂಬತ್ತು ಅಂಕಿಗಳ ಮಾತುಗಳು ನೆನಪಿನಿಂದಲೇ ಬಂದವು. ಅರವತ್ತಮೂರರ ಜಾಗ ಮಾತ್ರ ಖಾಲಿ ಇದೆ. ಆ ಸಂಜೆ ಹನ್ನೊಂದರ ಬೆನ್ನಿಗೆ ನೀನು ಕೂಗಿದ್ದು ಅದನ್ನೇ. ಅದಕ್ಕೆ ಏನೆನ್ನುತ್ತಿದ್ದೆ? ಶನಿವಾರ ಹೇಳು.