ರಿಜಿಸ್ಟ್ರಿ ರಶೀದಿ ಶಿರ್ತಾಡಿಯಲ್ಲಿ ಉಂಟು

ರಾಜೀವಿ ಅಕ್ಕಾ,

ಇವತ್ತು ಅಪ್ಪ ಕಾಗದಪತ್ರದ ಪೆಟ್ಟಿಗೆ ತೆರೆಯದ ಹಾಗೆ ನೋಡಿಕೋ. ನರಿಕೊಂಬಿನ ಮನೆ ಕೊಂಡಾಗಿನ ರಿಜಿಸ್ಟ್ರಿ ರಶೀದಿ ಅದರಲ್ಲಿಲ್ಲ. ಆ ರಷ್ಯನ್ ಕಾದಂಬರಿಯ ಅನುವಾದ ಓದುವಾಗ ಪುಟದ ಗುರುತಿಗೆ ಇಟ್ಟಿದ್ದೆ. ಪುಸ್ತಕ ಈಗ ಶಿರ್ತಾಡಿಯ ಭೋಜ ಮಾಸ್ತರರಲ್ಲಿ ಉಂಟು. ಮೊದಲ ಬಸ್ಸಿಗೆ ಹೊರಟಿದ್ದೇನೆ.

ಆ ಮನೆ ಮಾರಿದ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ ಸ್ಟಾಂಪು, ರಿಜಿಸ್ಟ್ರಿ ಖರ್ಚನ್ನೂ ಕೊಂಡ ಬೆಲೆಗೆ ಸೇರಿಸಬಹುದಂತೆ. "ರಶೀದಿ ಇಲ್ಲದೆ ಆಫೀಸರು ಒಪ್ಪುವುದಿಲ್ಲ ಮಾರಾಯ" ಎಂದು ವಕೀಲರು ನಿನ್ನೆ ಹೇಳಿದರು. ನಾಳೆಯೇ ವಿಚಾರಣೆ.

ಅಪ್ಪ ಕೇಳಿದರೆ ವಕೀಲರಿಗೆ ಕೊಟ್ಟಾಗಿದೆ ಎನ್ನು. "ಕಾದಂಬರಿ ಓದಿ ಯಾರು ಉದ್ಧಾರವಾಗಿದ್ದಾರೆ?" ಎನ್ನುವ ಅವರ ಮಾತು ಈಗಲೇ ಕೇಳಿಸುತ್ತಿದೆ. ಮಾಸ್ತರರು ಪುಟ ಮಗುಚುವಾಗ ಅದನ್ನು ಬೀಳಿಸಿದ್ದರೆ ನಾನು ಯಾವ ಮುಖ ಹೊತ್ತು ಬರಲಿ?

ಈ ಚೀಟಿ ಓದಿ ಒಲೆಗೆ ಹಾಕು. ಪುಸ್ತಕದೊಳಗೆ ಮಾತ್ರ ಇಡಬೇಡ.

ಕಮಲಾಕ್ಷ