ನಾಲ್ಕನೇ ಬೆರಳಿನ ತುದಿ

ಮಾರ್ಚ್ ೧೮

ನನ್ನ ಗುಬ್ಬಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾಯಿತು, ಬೈಕೋಬೇಡ. ಸಿಟ್ಟಿನಲ್ಲಿ ಪೆನ್ನು ಹಿಡಿದರೆ ಏನೇನು ಬರೆದುಬಿಡುತ್ತೇನೋ ಅಂತ ಸುಮ್ಮನಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಮ್ಯೂಸಿಯಮ್ಮಿನ ಆ ಪುಟ್ಟ ಪಳೆಯುಳಿಕೆಯ ವಿಷಯ ನಿನಗೆ ನಾನು ಪಾಠ ಹೇಳಬೇಕಿಲ್ಲ. ಬೆಕ್ಕಿನಷ್ಟು ಗಾತ್ರ, ರೆಕ್ಕೆಯಿಲ್ಲ, ಆದರೆ ಹಾರುವ ಸರೀಸೃಪಗಳಿಗೆ ಹತ್ತಿರದ ದಾಯಾದಿ. ಹದಿನಾಲ್ಕು ತಿಂಗಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಸೂಜಿಯಿಂದ ಕಲ್ಲು ಕೆರೆದು ಅದರ ಕೈ ಬಿಡಿಸಿದವಳು ನಾನು. ಹಾರುವವುಗಳ ರೆಕ್ಕೆ ನಿಂತಿರುವುದೇ ನಾಲ್ಕನೇ ಬೆರಳಿನ ಮೇಲೆ. ಇದರ ಬೆರಳೂ ಆಗಲೇ ಉದ್ದವಾಗತೊಡಗಿತ್ತೋ ಇಲ್ಲವೋ ಅನ್ನುವುದೇ ಎಲ್ಲರ ಪ್ರಶ್ನೆ. ತುದಿಯ ಎಲುಬು ಜೀರಿಗೆ ಕಾಳಿನಷ್ಟಿತ್ತು.

ಆ ತುದಿಗೆ ಅಂಟು ಹಚ್ಚಿ ಕೂರಿಸಿದ ದಿನವೇ ಪತ್ರಿಕೆಯವರು ಬಂದರು. ನಮ್ಮ ಮುಖ್ಯಸ್ಥರಿಗೋ ಫೋಟೋ ಹುಚ್ಚು. "ಸಾರ್, ಅಂಟು ಆರಿಲ್ಲ, ನಾಳೆ ತನಕ ಮುಟ್ಟಬೇಡಿ" ಅಂತ ಬಡಕೊಂಡೆ. "ಏನೂ ಆಗಲ್ಲ, ಸುಮ್ನಿರಿ" ಅಂತ ಮರಳಿನ ತಟ್ಟೆಯಿಂದ ಎತ್ತಿಯೇಬಿಟ್ಟರು. ತುದಿ ಉದುರಿತು. ಎರಡು ದಿನ ಮಂಡಿಯೂರಿ ನೆಲದ ಧೂಳನ್ನೆಲ್ಲ ಜರಡಿ ಹಿಡಿದೆ. ಸಿಗಲಿಲ್ಲ.

ಈಗ ಮುಖ್ಯಸ್ಥರ ಸಂಶೋಧನಾ ಲೇಖನ ಅಚ್ಚಾಗಿದೆ, ನೀನೂ ನೋಡಿರುತ್ತೀಯ. "ನಾಲ್ಕನೇ ಬೆರಳಿನ ತುದಿ ಕಲ್ಲು ಬಿಡಿಸಿದವರ ಅಜಾಗರೂಕತೆಯಿಂದ ನಾಶವಾಗಿದೆ." ಕಲ್ಲು ಬಿಡಿಸುವವರು ಇಲ್ಲಿ ನಾನಲ್ಲದೆ ಇನ್ಯಾರಿದ್ದಾರೆ? ಇಪ್ಪತ್ತಾರು ವರ್ಷದಲ್ಲಿ ಪಳೆಯುಳಿಕೆಯ ಒಂದು ಹಲ್ಲನ್ನೂ ಕಳೆದವಳಲ್ಲ ನಾನು! ಹೊಟ್ಟೆ ಉರಿಯುತ್ತದೆ ಕಣೇ. "ಬಿಡಿ ಅಕ್ಕಾ, ಅದನ್ನ ಯಾರು ಓದ್ತಾರೆ" ಅಂದ ನಮ್ಮ ಕಾವಲುಗಾರ. ಓದುವವರೇ ತಾನೇ ನನ್ನ ಕೈಗೆ ಎಲುಬು ಕೊಡುವವರು?

ನಿನ್ನೆ ಮುಖ್ಯಸ್ಥರ ಕೋಣೆಗೆ ನುಗ್ಗಿ, ನನ್ನ ಕೆಲಸದ ದಿನಚರಿಯನ್ನು ಮೇಜಿನ ಮೇಲೆ ಕುಕ್ಕಿದೆ. ತಪ್ಪೊಪ್ಪಿಗೆ ಅಚ್ಚಾಗುವ ತನಕ ಸೂಜಿ ಮುಟ್ಟುವುದಿಲ್ಲ ಅಂತ ಹೇಳಿ ಬಂದಿದ್ದೇನೆ. ಬೇಕಾದರೆ ಕೆಲಸದಿಂದ ತೆಗೆಯಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣು ಜೋಪಾನ. ನೂರು ಕಾಲ ಚೆನ್ನಾಗಿರು.

ನಿನ್ನ ಅಮ್ಮ

ತಾ.ಕ.: ಲೇಖನದಲ್ಲಿ ಮುಖ್ಯಸ್ಥರ ಹೆಸರಿನ ಪಕ್ಕ ನಿನ್ನ ಹೆಸರಿದೆ. ಅಜಾಗರೂಕತೆಯ ಆ ಸಾಲು ನಿನ್ನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ ಅಂದುಕೊಂಡಿದ್ದೆ. ನಿನ್ನೆ ಅವರು ಕರಡು ಪ್ರತಿ ತೆಗೆದು ತೋರಿಸಿದರು. ಆ ಸಾಲಿದ್ದದ್ದು ನಿನ್ನ ಕೈಬರಹದಲ್ಲಿ. ಅವರ ಶಿಫಾರಸು ನಿನಗೆ ಬೇಕಿತ್ತು, ಅದು ನನಗೂ ಗೊತ್ತು. ಆದರೆ ಎಲುಬು ಬಿದ್ದ ದಿನ ನಿನಗೇ ಫೋನ್ ಮಾಡಿ ಅತ್ತಿದ್ದೆನಲ್ಲೇ. "ಅಳಬೇಡಮ್ಮಾ, ನಿನ್ನ ತಪ್ಪೇನಿದೆ" ಅಂದವಳು ನೀನು.