ಮಾತ್ರೆ ನಿಲ್ಲಿಸುವ ಮೊದಲು

ತುಮಕೂರು, ಆಸ್ಪತ್ರೆಯ ವರಾಂಡ
೧೨ ನವೆಂಬರ್ ೨೦೨೪

ಪ್ರೀತಿಯ ನಂದಿತಾ,

ಜ್ವರ ಬಿಟ್ಟಿತೇ? ಕೆಮ್ಮು ಇರುವವರೆಗೆ ಕುಣಿಗಲ್ ಬಿಟ್ಟು ಹೊರಡಬೇಡ. ಅವ್ವನ ವಾರ್ಡಿನೊಳಗೆ ಸೀನುವವರನ್ನು ಬಿಡುವುದಿಲ್ಲ. ನಿನ್ನ ಗಂಡ ಸಂಗಮೇಶ್ ಬಂದಿದ್ದಾರೆ, ಮರಳುವಾಗ ಇದನ್ನು ತರುತ್ತಾರೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಹೆಸರು ಕೇಳಿದೊಡನೆ ಅವ್ವ ಕೈ ಚಾಚುತ್ತಾಳೆ, ಆಮೇಲೆ ಇಬ್ಬರೂ ಚೆನ್ನಾಗಿದ್ದೇವೆಂದು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಳ್ಳುತ್ತೀರಿ.

ಅವಳ ಮೂಗಿನ ಪಕ್ಕದ ಎಲುಬಿನ ಗೂಡಿನಲ್ಲಿ ಬೂಷ್ಟು ಬೆಳೆದಿದೆ. ಹಳಸಿದ ಬ್ರೆಡ್ಡಿನ ಮೇಲೆ ಬರುವಂಥದ್ದೇ. ಗಾಳಿಯಲ್ಲಿ ಎಲ್ಲರ ಮೂಗಿಗೂ ಹೋಗುತ್ತದಂತೆ, ಮೈ ಅದನ್ನು ಸುಮ್ಮನಿರಿಸುತ್ತದಂತೆ. ನೀನು ಕೊಟ್ಟ ಕಿಡ್ನಿಯನ್ನು ಹೊರಗಿನದೆಂದು ತಳ್ಳದಿರಲು ಅವ್ವ ನುಂಗುವ ಮಾತ್ರೆಗಳು ಆ ಕಾವಲನ್ನೇ ಮಲಗಿಸಿವೆ. ಕೆನ್ನೆ ಮರಗಟ್ಟಿದಾಗ ಹಲ್ಲಿನ ತೊಂದರೆಯೆಂದು ಗುಬ್ಬಿಯಲ್ಲಿ ಹಲ್ಲು ಕೀಳಿಸಿದೆವು. ಅಂಗುಳು ಕಪ್ಪಾದ ಮೇಲೆ ಇಲ್ಲಿಗೆ ಬಂದೆವು. ಕಪ್ಪಾದದ್ದನ್ನು ಕೆರೆದು ತೆಗೆದಿದ್ದಾರೆ, ಕಣ್ಣು ಸದ್ಯಕ್ಕೆ ಉಳಿದಿದೆ. ಎಲ್ಲಿಂದ ಬಂತೆಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಧೂಳು, ಮಣ್ಣು ಎಂದು ವಿಚಾರಿಸಿದರು. ಕಿಡ್ನಿ ಹಾಕಿದಾಗಿನಿಂದ ಅವಳು ಅಂಗಳ ಗುಡಿಸಿಲ್ಲ, ಕುದಿಸದ ನೀರು ಕುಡಿದಿಲ್ಲ. ಆದರೆ ಚೇಳೂರಿನ ನಮ್ಮ ಮನೆಯಲ್ಲಿ ಅಟ್ಟದಿಂದ ಇಳಿಸಿದ ಕೊಬ್ಬರಿಯ ಚಿಪ್ಪು ಬಿಡಿಸಿ, ಒಂದೊಂದನ್ನೂ ಮೂಗಿಗೆ ಹಿಡಿದು, ಮುಗ್ಗಿದ್ದನ್ನು ಬೇರೆ ಮಾಡಿದ್ದಾಳೆ. ನಾವೆಲ್ಲ ಅಲ್ಲೇ ಕೂತಿದ್ದೆವು. ಕೊಬ್ಬರಿಯನ್ನು ಧೂಳು ಎಂದು ನಮ್ಮಲ್ಲಿ ಯಾರು ಕರೆಯುತ್ತಾರೆ? ಯಾಕೆ ಮೂಸಿದೆ ಎಂದು ಕೇಳಿದ್ದಕ್ಕೆ, "ಮೂಸ್ದೆ ಹೆಂಗ್ಲಾ ಗೊತ್ತಾಗ್ತದೆ? ನಿಮ್ ಡಾಕ್ಟ್ರೇ ಬಂದು ಆರಿಸ್ಲಿ ಬುಡು" ಎಂದಳು.

ನನಗೆ ದಣಿವಾಗಿದೆ. ಔಷಧಿ ಹನಿಯುವಾಗ ಅವಳು ನಡುಗುತ್ತಾಳೆ. ಕಂಬಳಿ ಹೊದಿಸುತ್ತೇನೆ, ಬೆವರಿದಾಗ ತೆಗೆಯುತ್ತೇನೆ. ಅಷ್ಟರಲ್ಲಿ ಹಗಲು ಮುಗಿಯುತ್ತದೆ. ಇದನ್ನು ದುಃಖ ಎನ್ನಬೇಕೋ ಕೆಲಸ ಎನ್ನಬೇಕೋ ತಿಳಿಯದು.

ಬಿಸಿಯಾಗಿ ಏನಾದರೂ ಉಣ್ಣು. ನಿನ್ನ ಮಗಳ ತಲೆ ನೇವರಿಸಿ, ಮಾವ ಹರಸಿದನೆಂದು ಹೇಳು.

ನಿನ್ನ ಅಣ್ಣ,
ಪ್ರಭುದೇವ

ತಾ.ಕ.: ಸಂಗಮೇಶ್ ಎದ್ದು ನಿಂತಿದ್ದಾರೆ. ಆ ಮಾತ್ರೆಗಳನ್ನು ನಿಲ್ಲಿಸಬೇಕು ಎನ್ನುತ್ತಾರೆ ಡಾಕ್ಟರು. ನಿಲ್ಲಿಸಿದರೆ ಕಿಡ್ನಿ ಹೋಗಬಹುದು, ಮತ್ತೆ ಡಯಾಲಿಸಿಸ್; ನಿಲ್ಲಿಸದಿದ್ದರೆ ಅವ್ವ ಉಳಿಯುವುದು ಕಷ್ಟ. ಅವಳು ಒಪ್ಪುತ್ತಿಲ್ಲ. "ಅದು ನಂದಲ್ಲ ಕಣೋ, ಮಗೀದು. ಅವಳ್ನ ಕೇಳ್ದೆ ಹಾಳ್ಮಾಡಕ್ಕೆ ನಾನ್ಯಾರು?" ಎಂದು ಗೋಡೆಯ ಕಡೆ ತಿರುಗಿದಳು. ಓದಿದ ಕೂಡಲೇ ಫೋನ್ ಮಾಡು. ಕಿಡ್ನಿ ಹೋದರೆ ಹೋಗಲಿ ಎಂದು ನೀನೇ ಹೇಳಬೇಕು. ಅಳಬೇಡ, ಬೈದು ಹೇಳು. ನೀನು ಬೈದರೆ ಕೇಳುತ್ತಾಳೆ.